ವೈರ್‌ಲೆಸ್ ಕೀಬೋರ್ಡ್ ತೊದಲಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

"ಅಕ್ಕ" ಎಂದು ಬೆರಳಚ್ಚಿಸಿದರೆ ಪರದೆಯ ಮೇಲೆ "ಅಕಕ" ಎಂದು ಮೂಡುತ್ತಿತ್ತು, "ಹಣ್ಣು" ಎಂಬುದು "ಹಣಣು" ಆಗುತ್ತಿತ್ತು, ಇನ್ನು ಕೆಲವೊಮ್ಮೆ ಒಮ್ಮೆ ಒತ್ತಿದ ಅಕ್ಷರ ಸಾಲಿನ ತುದಿಯವರೆಗೂ ತಾನಾಗಿ ಹರಿದುಕೊಂಡು ಹೋಗುತ್ತಿತ್ತು. ನಮ್ಮ ಸೋದರತ್ತೆಯವರ ಮನೆಯ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡ ಈ ತೊಂದರೆಯನ್ನು ಕನ್ನಡ ತಂತ್ರಾಂಶದ ದೋಷವೆಂದು ಮನೆಯವರೆಲ್ಲ ನಂಬಿದ್ದರು. ಅದನ್ನು ಮೂರು ಬಾರಿ ತೆಗೆದುಹಾಕಿ ಮತ್ತೆ ಅಳವಡಿಸಿಯೂ ಇದ್ದರು. ನಿಜವಾದ ಕಾರಣಕ್ಕೂ ಕನ್ನಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದುದರಿಂದ ಏನನ್ನಾದರೂ ಬದಲಿಸುವ ಮೊದಲು, ತೊಂದರೆ ಯಾವಾಗ ಬರುತ್ತದೆ ಮತ್ತು ಯಾವಾಗ ಬರುವುದಿಲ್ಲ ಎಂಬುದನ್ನು ಎರಡು ಮೂರು ದಿನ ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ತೊಂದರೆ ಬಂದ ಹೊತ್ತು, ಆಗ ಕಂಪ್ಯೂಟರಿಗೆ ಚುಚ್ಚಿದ್ದ ಬೇರೆ ಸಾಧನಗಳು, ಕೀಬೋರ್ಡ್ ಇದ್ದ ಜಾಗ, ಈ ಮೂರನ್ನು ಬರೆದುಕೊಂಡರೆ ಸಾಕು.

ಕೀಲಿ ಒತ್ತಿದಾಗ ನಡೆಯುವುದೇನು

ಕೀಬೋರ್ಡ್ ಅಕ್ಷರಗಳನ್ನು ಕಳುಹಿಸುವುದಿಲ್ಲ. ಇಂಥ ಕೀಲಿ ಕೆಳಗೆ ಹೋಯಿತು ಎಂಬ ಒಂದು ಸಂದೇಶವನ್ನು, ಅದು ಮೇಲಕ್ಕೆ ಬಂದಿತು ಎಂಬ ಇನ್ನೊಂದು ಸಂದೇಶವನ್ನು ಅದು ಕಳುಹಿಸುತ್ತದೆ. ಆ ಕೀಲಿಗೆ ಯಾವ ಅಕ್ಷರವೆಂದು ತೀರ್ಮಾನಿಸುವುದು ಕಂಪ್ಯೂಟರ್. ಯುಎಸ್‌ಬಿ ಕೀಬೋರ್ಡುಗಳ ಅತಿ ಸರಳ ಕ್ರಮದಲ್ಲಿ ಈ ಸಂದೇಶದ ಗಾತ್ರ ಕೇವಲ 8 ಬೈಟ್: ಮೊದಲನೆಯದು ಶಿಫ್ಟ್, ಕಂಟ್ರೋಲ್, ಆಲ್ಟ್‌ನಂತಹ ಕೀಲಿಗಳಿಗೆ ಮೀಸಲು, ಎರಡನೆಯದು ಖಾಲಿ, ಉಳಿದ 6 ಆ ಕ್ಷಣದಲ್ಲಿ ಒತ್ತಿರುವ ಕೀಲಿಗಳಿಗೆ. ಕೀಲಿಯನ್ನು ಒತ್ತಿ ಹಿಡಿದಾಗ ಅಕ್ಷರ ಮತ್ತೆ ಮತ್ತೆ ಮೂಡುವುದೂ ಕಂಪ್ಯೂಟರಿನ ಕೆಲಸವೇ. ಕೀಲಿ ಮೇಲೆ ಬಂದ ಸುದ್ದಿ ತನಗೆ ತಲುಪುವವರೆಗೆ ಅದು ಸೆಕೆಂಡಿಗೆ ಸುಮಾರು 30ರವರೆಗಿನ ವೇಗದಲ್ಲಿ ಅದೇ ಅಕ್ಷರವನ್ನು ಮೂಡಿಸುತ್ತಲೇ ಇರಬಲ್ಲದು.

ಈ ಒಂದು ವಿಷಯ ತಿಳಿದರೆ ಅರ್ಧ ರೋಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಗೆ ಹೋದ ಸಂದೇಶ ದಾರಿಯಲ್ಲಿ ಕಳೆದುಹೋದರೆ ಅಕ್ಷರ ಬಿಟ್ಟುಹೋಗುತ್ತದೆ. ಮೇಲೆ ಬಂದ ಸಂದೇಶ ಕಳೆದುಹೋದರೆ ಅಕ್ಷರ ಉದ್ದಕ್ಕೆ ಹರಿಯುತ್ತದೆ. ಬೇರೆ ಬೇರೆ ಕೀಲಿಗಳಲ್ಲಿ ಈ ಎರಡೂ ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಂಡರೆ ಸಂದೇಶಗಳು ಗಾಳಿಯಲ್ಲಿ ಕಳೆದುಹೋಗುತ್ತಿವೆ ಎಂದು ಬಹಳಷ್ಟು ಧೈರ್ಯದಿಂದ ಹೇಳಬಹುದು. ಯಾವಾಗಲೂ ಒಂದೇ ಕೀಲಿ ಮಾತ್ರ ಹರಿಯುತ್ತಿದ್ದರೆ ಅಥವಾ ಒಂದೇ ಕೀಲಿ ಮಾತ್ರ ಸತ್ತಿದ್ದರೆ ರೇಡಿಯೊವನ್ನು ದೂರುವಂತಿಲ್ಲ, ಆ ಕೀಲಿಯ ಕೆಳಗೆ ನೋಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಈ ದೋಷ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಇಂಗ್ಲಿಷಿನಲ್ಲಿ ಒಂದು ಕೀಲಿ ತಪ್ಪಿದರೆ ಕಾಗುಣಿತದ ತಪ್ಪಿನಂತೆ ಕಾಣುತ್ತದೆ, ಬರೆಯುವವರು ತಮ್ಮ ಬೆರಳನ್ನೇ ದೂರಿಕೊಂಡು ತಿದ್ದಿಬಿಡುತ್ತಾರೆ. ಕನ್ನಡದಲ್ಲಿ ಆ ಎಫ್ ತಪ್ಪಿದೊಡನೆ ಒತ್ತಕ್ಷರವೇ ಒಡೆದು ಎರಡು ಬಿಡಿ ಅಕ್ಷರಗಳಾಗುತ್ತದೆ. ಅದನ್ನು ಕಂಡವರಿಗೆ ಅಕ್ಷರಶೈಲಿ ಕೆಟ್ಟಿದೆ, ತಂತ್ರಾಂಶ ಕೆಟ್ಟಿದೆ ಎಂದೇ ಅನಿಸುತ್ತದೆ. ಅತ್ತೆಯವರ ಮನೆಯಲ್ಲಿ ಆದದ್ದು ಇದೇ. ಇಂಥ ಸಂದರ್ಭದಲ್ಲಿ ಕನ್ನಡವನ್ನು ಪೂರ್ತಿ ಮುಚ್ಚಿ, ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಎ ಇಂದ ಜ಼ೆಡ್‌ವರೆಗೆ ಹತ್ತು ಬಾರಿ ಒತ್ತಿ ನೋಡಬೇಕು. ಹತ್ತು ಸಾಲುಗಳಲ್ಲಿ ಅಲ್ಲಲ್ಲಿ ಅಕ್ಷರಗಳು ತಪ್ಪಿದ್ದರೆ ಕನ್ನಡ ತಂತ್ರಾಂಶವನ್ನು ಇನ್ನು ಮುಟ್ಟುವ ಅಗತ್ಯವಿಲ್ಲ.

ಕೀಬೋರ್ಡೇ, ಗಾಳಿಯೇ, ಕಂಪ್ಯೂಟರೇ

ದೋಷ ಈ ಮೂರರಲ್ಲಿ ಒಂದು ಕಡೆ ಇರಲೇಬೇಕು. ಅದನ್ನು ಬೇರ್ಪಡಿಸಲು ಎರಡು ಅದಲುಬದಲು ಸಾಕು. ಮೊದಲನೆಯದಾಗಿ, ಪಕ್ಕದ ಮನೆಯಿಂದಾದರೂ ಸರಿ, ತಂತಿಯಿರುವ ಸಾಮಾನ್ಯ ಯುಎಸ್‌ಬಿ ಕೀಬೋರ್ಡೊಂದನ್ನು ತಂದು ಇದೇ ಕಂಪ್ಯೂಟರಿಗೆ ಜೋಡಿಸಿ ಅರ್ಧ ಗಂಟೆ ಕೆಲಸ ಮಾಡಬೇಕು. ಅದರಲ್ಲೂ ಅದೇ ತೊಂದರೆ ಬಂದರೆ ದೋಷ ಕಂಪ್ಯೂಟರಿನ ಸೆಟ್ಟಿಂಗ್‌ಗಳಲ್ಲಿದೆ. ಎರಡನೆಯದಾಗಿ, ವೈರ್‌ಲೆಸ್ ಕೀಬೋರ್ಡನ್ನು ಅದರ ರಿಸೀವರ್ (ಕೀಬೋರ್ಡಿನ ಸಂದೇಶ ಹಿಡಿಯಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಸಮೇತ ಬೇರೆ ಕೋಣೆಯಲ್ಲಿರುವ ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡಬೇಕು. ಅಲ್ಲಿಯೂ ತೊದಲಿದರೆ ಕೀಬೋರ್ಡ್ ಅಥವಾ ಸೆಲ್ ಕೆಟ್ಟಿದೆ. ಅಲ್ಲಿ ಸರಿಯಾಗಿ ನಡೆದು, ಮೊದಲಿನ ಕಂಪ್ಯೂಟರಿನಲ್ಲಿ ತಂತಿಯ ಕೀಬೋರ್ಡೂ ಸರಿಯಾಗಿ ನಡೆದರೆ ಉಳಿಯುವುದು ಗಾಳಿ ಮಾತ್ರ.

ಕೀಬೋರ್ಡ್ ಸ್ವಲ್ಪವೂ ಕೆಲಸ ಮಾಡದಿದ್ದಾಗ ಇನ್ನೊಂದು ಪರೀಕ್ಷೆಯಿದೆ. ಚಿಕ್ಕ ರಿಸೀವರ್ ಚುಚ್ಚುವ ಬಗೆಯ ಕೀಬೋರ್ಡುಗಳನ್ನು ಕಂಪ್ಯೂಟರ್ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಎಂದೇ ಗುರುತಿಸುವುದರಿಂದ ಅವು ವಿಂಡೋಸ್ ಆರಂಭವಾಗುವ ಮೊದಲೇ, ಬಯಾಸ್ ಎಂಬ ಆರಂಭದ ಸೆಟ್ಟಿಂಗ್ ಪರದೆಯಲ್ಲೂ ನಡೆಯುತ್ತವೆ. ಬಯಾಸ್‌ನಲ್ಲಿ ನಡೆದು ವಿಂಡೋಸ್‌ನಲ್ಲಿ ನಿಂತುಹೋದರೆ ಅದು ತಂತ್ರಾಂಶದ ದೋಷ. ಬ್ಲೂಟೂತ್ ಕೀಬೋರ್ಡುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಬಯಾಸ್‌ನಲ್ಲಿ ನಡೆಯುವುದೇ ಇಲ್ಲ. ಅದನ್ನು ದೋಷವೆಂದು ಎಣಿಸಬಾರದು. ಪರೀಕ್ಷೆಯ ನಡುವೆ ಪಾಸ್‌ವರ್ಡ್ ಹಾಕಬೇಕಾಗಿ ಬಂದರೆ ವಿಂಡೋಸ್ ಪ್ರವೇಶದ ಪರದೆಯ ಮೂಲೆಯಲ್ಲಿರುವ ಚಿಹ್ನೆಯಿಂದ ಪರದೆಯ ಮೇಲಿನ ಕೀಬೋರ್ಡನ್ನು ತೆರೆದು ಮೌಸ್‌ನಿಂದಲೇ ಅಕ್ಷರಗಳನ್ನು ಆರಿಸಬಹುದು.

ಸೆಲ್ಲುಗಳು

ಸೆಲ್ ಬದಲಿಸಿ ನೋಡಿದ್ದೇವೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅನೇಕರು ಹಾಕಿರುವುದು ಗೋಡೆಗಡಿಯಾರದಿಂದ ತೆಗೆದ ಸೆಲ್. ಗಡಿಯಾರಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪ, ಮುಕ್ಕಾಲು ಮುಗಿದ ಸೆಲ್ಲಿನಲ್ಲೂ ಅದು ತಿಂಗಳುಗಟ್ಟಲೆ ನಡೆದೀತು. ರೇಡಿಯೊ ಹಾಗಲ್ಲ, ಸಂದೇಶ ಕಳುಹಿಸುವ ಕ್ಷಣದಲ್ಲಿ ಅದು ಥಟ್ಟನೆ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಆ ಕ್ಷಣದಲ್ಲಿ ದಣಿದ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಅದೇ ಸೆಲ್ 1.4 ವೋಲ್ಟ್ ತೋರಿಸಬಹುದು, ಏಕೆಂದರೆ ಮೀಟರ್ ಅದರ ಮೇಲೆ ಯಾವ ಭಾರವನ್ನೂ ಹೇರುವುದಿಲ್ಲ. ಆದ್ದರಿಂದ ಮೀಟರಿನ ಮಾತನ್ನು ಪೂರ್ತಿ ನಂಬದೆ ಅಂಗಡಿಯಿಂದ ಹೊಸದಾಗಿ ತಂದ 1.5 ವೋಲ್ಟಿನ ಆಲ್ಕಲೈನ್ ಸೆಲ್ಲುಗಳನ್ನು, ಎರಡನ್ನೂ ಒಟ್ಟಿಗೆ, ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಹಳೆಯದು ಬೇಗ ಬರಿದಾಗಿ ಸೋರುವ ಅಪಾಯವಿದೆ. ಮರುಚಾರ್ಜ್ ಆಗುವ ನಿಕಲ್ ಸೆಲ್ಲುಗಳು ತುಂಬಿರುವಾಗಲೂ ಸುಮಾರು 1.2 ವೋಲ್ಟಿನಲ್ಲೇ ನಡೆಯುವುದರಿಂದ ಕೆಲವು ಕೀಬೋರ್ಡುಗಳು ಅವುಗಳನ್ನು ಹಾಕಿದ ಕೂಡಲೇ ಬ್ಯಾಟರಿ ಕಡಿಮೆಯಿದೆ ಎಂದು ಎಚ್ಚರಿಸುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ. ಆದರೆ ನೋಡಲು ಎಎ ಸೆಲ್ಲಿನಂತೆಯೇ ಇರುವ 3.7 ವೋಲ್ಟಿನ ಲಿಥಿಯಂ ಸೆಲ್ಲುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ಅವನ್ನು ಹಾಕಿದರೆ ಕೀಬೋರ್ಡ್ ಸುಟ್ಟುಹೋಗಬಹುದು.

ಸೆಲ್ಲಿನ ಗೂಡಿನಲ್ಲಿ ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರ, ಬರಿಗೈಯಿಂದ ಮುಟ್ಟಬಾರದು. ಹತ್ತಿ ಸುತ್ತಿದ ಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಸೋಕಿಸಿ ಒರೆಸಿದರೆ ಹುಳಿ ಆ ಕ್ಷಾರವನ್ನು ಅಡಗಿಸುತ್ತದೆ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಬೇಕು.

ಗಾಳಿಯಲ್ಲಿನ ಗದ್ದಲ

ರಿಸೀವರ್ ಇರುವ ಕೀಬೋರ್ಡುಗಳೂ ಬ್ಲೂಟೂತ್ ಕೀಬೋರ್ಡುಗಳೂ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೇ ಬಳಸುತ್ತವೆ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಈ ಕಿರಿದಾದ ಬೀದಿಯಲ್ಲಿ ಮನೆಯ ವೈಫೈ, ಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಸ್ಪೀಕರ್, ಮೈಕ್ರೋವೇವ್ ಒಲೆಯಿಂದ ಸೋರುವ ಅಲೆ, ಎಲ್ಲವೂ ಓಡಾಡುತ್ತವೆ. ಅತ್ತೆಯವರ ಕೀಬೋರ್ಡ್ ಸಂಜೆ ಹೊತ್ತು ಮಾತ್ರ ತೊದಲುತ್ತದೆ ಎಂಬುದು ಗುರುತಿನ ಕಾಗದದಿಂದ ಗೊತ್ತಾದಾಗ ನಾನೂ ನೆರೆಮನೆಗಳ ವೈಫೈ ಮೇಲೆಯೇ ಅನುಮಾನಪಟ್ಟೆ, ಏಕೆಂದರೆ ಆ ಕಟ್ಟಡದಲ್ಲಿ ಎಲ್ಲರೂ ಕೆಲಸದಿಂದ ಮರಳಿ ಫೋನು, ಟಿವಿಗಳಲ್ಲಿ ವಿಡಿಯೊ ನೋಡುವ ಸಮಯ ಅದು. ಅವರ ಮನೆಯ ರೂಟರಿನ ಚಾನೆಲನ್ನು 6ರಿಂದ 11ಕ್ಕೆ ಬದಲಿಸಿದೆ, ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಉತ್ತರ ಅದೇ ಕಾಗದದ ಎರಡನೆಯ ಕಲಂನಲ್ಲಿತ್ತು. ತೊಂದರೆ ಬಂದ ಪ್ರತಿ ಸಂಜೆಯೂ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಲಾಗಿತ್ತು: ಮಾವನವರು ದಿನವೂ ಆ ಹೊತ್ತಿಗೆ ಹಳೆಯ ಛಾಯಾಚಿತ್ರಗಳನ್ನು ಅದಕ್ಕೆ ನಕಲು ಮಾಡುತ್ತಿದ್ದರು, ಡಿಸ್ಕಿನ ತಂತಿ ಮತ್ತು ಕೀಬೋರ್ಡಿನ ರಿಸೀವರ್ ಕಂಪ್ಯೂಟರಿನ ಹಿಂಬದಿಯಲ್ಲಿ ಪಕ್ಕಪಕ್ಕದ ಎರಡು ನೀಲಿ ಕಿಂಡಿಗಳಲ್ಲಿದ್ದವು. ಡಿಸ್ಕನ್ನು ಕಿತ್ತೆ, ಅಕ್ಷರಗಳು ಸರಿಯಾದವು. ಮತ್ತೆ ಚುಚ್ಚಿ ನಕಲು ಆರಂಭಿಸಿದೆ, "ಅಕಕ" ಮರಳಿತು. ಮೂರು ಬಾರಿ ಹೀಗೆ ಮಾಡಿ ನೋಡಿದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಇದರ ಹಿಂದಿನ ಕಾರಣ ಗೊತ್ತಿರುವಂಥದ್ದೇ. ಸಾಮಾನ್ಯವಾಗಿ ನೀಲಿ ಬಣ್ಣದ ಕಿಂಡಿಯಿರುವ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ದತ್ತಾಂಶ ಸಾಗಿಸುವಾಗ ಅದರ ವಿದ್ಯುತ್ ಮಿಡಿತಗಳ ಗದ್ದಲ ಬಹಳ ಅಗಲವಾದ ತರಂಗಪಟ್ಟಿಯ ಮೇಲೆ ಹರಡಿಕೊಳ್ಳುತ್ತದೆ, 2.4 ಗಿಗಾಹರ್ಟ್ಸ್ ಆ ಹರವಿನ ನಡುವೆಯೇ ಬೀಳುತ್ತದೆ. ಡಿಸ್ಕಿನ ಕವಚ, ತಂತಿ, ಕಿಂಡಿ ಇವುಗಳಿಂದ ಸೋರುವ ಈ ಗದ್ದಲವನ್ನು ಇಂಟೆಲ್ ಸಂಸ್ಥೆ ಅಳೆದು 2012ರಲ್ಲೇ ವರದಿ ಪ್ರಕಟಿಸಿತ್ತು. ಅದರ ಪ್ರಕಾರ ಈ ಪಟ್ಟಿಯಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್‌ನಷ್ಟು ಏರಬಲ್ಲದು. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಜಾತ್ರೆಯಲ್ಲಿ ಡೊಳ್ಳಿನ ಪಕ್ಕದಲ್ಲಿ ನಿಂತವನಿಗೆ ದೂರದಿಂದ ಕರೆದದ್ದು ಕೇಳಿಸದಂತೆ, ಡಿಸ್ಕಿನ ಪಕ್ಕದಲ್ಲಿರುವ ರಿಸೀವರಿಗೆ ಕೀಬೋರ್ಡಿನ ಕ್ಷೀಣ ಸಂದೇಶ ಕೇಳಿಸುವುದಿಲ್ಲ. ಕೀಬೋರ್ಡ್ ಅದೇ ಸಂದೇಶವನ್ನು ಮತ್ತೆ ಕಳುಹಿಸಲು ಯತ್ನಿಸುತ್ತದಾದರೂ ಗದ್ದಲ ನಿಲ್ಲದೆ ಇದ್ದಾಗ ಆ ಯತ್ನವೂ ಸೋಲುತ್ತದೆ. ಸೆಕೆಂಡಿಗೆ 480 ಮೆಗಾಬಿಟ್ ವೇಗದ, ಸಾಮಾನ್ಯವಾಗಿ ಕಪ್ಪು ಬಣ್ಣದ ಹಳೆಯ ಯುಎಸ್‌ಬಿ 2.0 ಕಿಂಡಿಗಳಿಂದ ಈ ಮಟ್ಟದ ತೊಂದರೆ ಬರುವುದಿಲ್ಲ.

ಪರಿಹಾರ ದುಬಾರಿಯಲ್ಲ. ಒಂದು ಮೀಟರ್ ಉದ್ದದ ಸಾದಾ ಯುಎಸ್‌ಬಿ ಎಕ್ಸ್‌ಟೆನ್ಶನ್ ತಂತಿಯ ತುದಿಗೆ ರಿಸೀವರನ್ನು ಚುಚ್ಚಿ, ಮೇಜಿನ ಮೇಲೆ ಕೀಬೋರ್ಡಿಗೆ ಎದುರಾಗಿ ಇಟ್ಟರೆ ಸಾಕು. ರಿಸೀವರ್ ನಿಧಾನ ವೇಗದ ಸಾಧನವಾದ್ದರಿಂದ 2.0 ಬಗೆಯ ಅಗ್ಗದ ತಂತಿಯೇ ಸಾಲುತ್ತದೆ. ತಂತಿ ಸಿಗುವವರೆಗೆ ರಿಸೀವರನ್ನು ಮುಂಬದಿಯ ಕಪ್ಪು ಕಿಂಡಿಗೆ, ಡಿಸ್ಕನ್ನು ಹಿಂಬದಿಯ ನೀಲಿ ಕಿಂಡಿಗೆ ಚುಚ್ಚಿ ಎರಡನ್ನೂ ದೂರ ಮಾಡಬಹುದು. ರಿಸೀವರನ್ನು ಮುಂದಕ್ಕೆ ತರುವುದರಿಂದ ಇನ್ನೊಂದು ಲಾಭವಿದೆ: ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ ರೇಡಿಯೊ ಅಲೆಗಳಿಗೆ ಗೋಡೆಯಿದ್ದಂತೆ, ಅದರ ಬೆನ್ನಿಗೆ ಅಂಟಿಕೊಂಡಿರುವ ರಿಸೀವರಿಗೆ ಒಂದಡಿ ದೂರದ ಕೀಬೋರ್ಡೂ ಮರೆಯಾಗಿರುತ್ತದೆ. ಮೇಜೂ ಉಕ್ಕಿನದ್ದಾಗಿದ್ದರೆ ಕೀಬೋರ್ಡಿನ ಕೆಳಗೆ ದಪ್ಪ ರಟ್ಟನ್ನೋ ಒಂದು ಪುಸ್ತಕವನ್ನೋ ಇಟ್ಟು ಮೇಲೆತ್ತಿ ನೋಡುವುದು ಒಳ್ಳೆಯದು. ಅತ್ತೆಯವರ ಮನೆಯಲ್ಲಿ ಈಗ ರಿಸೀವರ್ ತಂತಿಯ ತುದಿಯಲ್ಲಿ, ಪರದೆಯ ಕಾಲಿನ ಬಳಿ ಇದೆ. ಡಿಸ್ಕ್ ಓಡುತ್ತಿರುವಾಗಲೂ ಒತ್ತಕ್ಷರಗಳು ಒಡೆಯುವುದಿಲ್ಲ.

ಯಾರೂ ಒತ್ತದೆಯೇ ಅಕ್ಷರಗಳು ಮೂಡುತ್ತಿವೆ ಎಂದು ದಿಗಿಲುಪಡುವವರೂ ಇದ್ದಾರೆ. ಇಂಥ ಸಂದರ್ಭದಲ್ಲಿ ಮೊದಲು ಕಪಾಟನ್ನು ತೆಗೆದು ನೋಡಬೇಕು. ಒಂದೇ ರಿಸೀವರಿಗೆ ಹಲವು ಸಾಧನಗಳನ್ನು ಬೆಸೆಯುವ ಪದ್ಧತಿಗಳಿವೆ, ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರ್ 6 ಸಾಧನಗಳವರೆಗೆ ಒಪ್ಪಿಕೊಳ್ಳುತ್ತದೆ. ಸೆಲ್ ತೆಗೆಯದೆ ಒಳಗಿಟ್ಟ ಹಳೆಯ ಕೀಬೋರ್ಡಿನ ಮೇಲೆ ಪುಸ್ತಕಗಳನ್ನು ಪೇರಿಸಿದ್ದರೆ ಅದು ಅಲ್ಲಿಂದಲೇ ಅಕ್ಷರಗಳನ್ನು ಕಳುಹಿಸುತ್ತಿರಬಹುದು. ಹಾಗೇನೂ ಇಲ್ಲದಿದ್ದರೆ ತಯಾರಕರ ತಾಣದಿಂದ ರಿಸೀವರಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹೊಸದಾಗಿಸಬೇಕು. 2016ರಲ್ಲಿ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಹಲವು ತಯಾರಕರ ರಿಸೀವರುಗಳಿಗೆ ಹೊರಗಿನವರು ಕೀಲಿ ಸಂದೇಶ ತೂರಿಸಬಹುದೆಂದು ತೋರಿಸಿದ್ದರು, ಮೌಸ್‌ಜ್ಯಾಕ್ ಎಂದು ಕರೆದ ಆ ಲೋಪವನ್ನು ಮುಚ್ಚುವ ಪರಿಷ್ಕರಣೆಗಳು ಬಂದಿವೆ.

ಕಂಪ್ಯೂಟರಿನೊಳಗಿನ ಕಾರಣಗಳು

ತಂತಿಯ ಕೀಬೋರ್ಡಿನಲ್ಲೂ ತೊಂದರೆ ಬಂದರೆ ಮೊದಲ ಅನುಮಾನ ಫಿಲ್ಟರ್ ಕೀಸ್ ಮೇಲೆ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದನ್ನು ಆನ್ ಮಾಡಲೇ ಎಂದು ಅದು ಕೇಳುತ್ತದೆ. ಹೂಂ ಎಂದುಬಿಟ್ಟರೆ ಆಮೇಲೆ ಚುರುಕಾಗಿ ಒತ್ತಿದ ಕೀಲಿಗಳನ್ನೆಲ್ಲ ಕಂಪ್ಯೂಟರ್ ಕಡೆಗಣಿಸತೊಡಗುತ್ತದೆ. ಕೈ ನಡುಗುವವರಿಗೆ ನೆರವಾಗಲೆಂದು ಮಾಡಿದ ಬಹಳ ಒಳ್ಳೆಯ ಏರ್ಪಾಡು ಇದು. ಆದರೆ ಮಹಾಪ್ರಾಣಕ್ಕೆಂದು ಶಿಫ್ಟ್ ಒತ್ತಿ ಹಿಡಿದು, ಮುಂದಿನ ಪದಕ್ಕಾಗಿ ಯೋಚಿಸುತ್ತ ಕುಳಿತವರಿಗೆ ತಿಳಿಯದೆಯೇ ಇದು ಎದುರಾಗುತ್ತದೆ. ಶಿಫ್ಟನ್ನು ಒಂದರ ಹಿಂದೊಂದು 5 ಬಾರಿ ಒತ್ತಿದರೆ ಶಿಫ್ಟ್‌ನಂತಹ ಕೀಲಿಯನ್ನು ಬಿಟ್ಟ ಮೇಲೂ ಒತ್ತಿದಂತೆಯೇ ಎಣಿಸುವ ಸ್ಟಿಕಿ ಕೀಸ್ ಹೀಗೆಯೇ ಬರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಎರಡನ್ನೂ ಆಫ್ ಮಾಡಬಹುದು. ಅವುಗಳ ಶಾರ್ಟ್‌ಕಟ್‌ಗಳನ್ನೂ ಅಲ್ಲಿಯೇ ಆಫ್ ಮಾಡಿದರೆ ಮತ್ತೆ ಕಾಡುವುದಿಲ್ಲ.

ಒತ್ತಿದ್ದು ಒಂದು, ಮೂಡಿದ್ದು ಇನ್ನೊಂದು ಎಂಬಂತಾದರೆ ಅದು ಕೀಲಿವಿನ್ಯಾಸ ಬದಲಾದ ಲಕ್ಷಣ. ಶಿಫ್ಟ್ ಜೊತೆ 2 ಒತ್ತಿದಾಗ ಇಮೇಲ್ ವಿಳಾಸದ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಬಂದರೆ ವಿನ್ಯಾಸ ಬ್ರಿಟನ್ನಿನದ್ದಾಗಿದೆ. ಡಿ ಒತ್ತಿದಾಗ ಅರ್ಧಾಕ್ಷರದ ಚಿಹ್ನೆ ಬಂದರೆ ವಿಂಡೋಸ್‌ನದೇ ಇನ್‌ಸ್ಕ್ರಿಪ್ಟ್ ಕನ್ನಡ ಆನ್ ಆಗಿದೆ, ಎಫ್ ಒತ್ತಿದಾಗ ಬಂದರೆ ನುಡಿಯ ವಿನ್ಯಾಸ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ಹೋಗಬಹುದು; ಬೇಡದ ವಿನ್ಯಾಸಗಳನ್ನು ಭಾಷೆಯ ಸೆಟ್ಟಿಂಗ್‌ನಿಂದ ತೆಗೆದುಬಿಡುವುದೇ ಲೇಸು. ಚಿಕ್ಕ ಕೀಬೋರ್ಡುಗಳಲ್ಲಿ ಕೆಲವು ಅಕ್ಷರಗಳು ಅಂಕಿಗಳಾಗಿ ಮೂಡುತ್ತಿದ್ದರೆ ನಮ್ ಲಾಕ್ ಆನ್ ಆಗಿದೆ, ಅಷ್ಟೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳಚ್ಚಿಸಲು ತೊಡಗಿದಾಗ ಮೊದಲ ಒಂದೆರಡು ಅಕ್ಷರ ಮಾತ್ರ ಬಿಟ್ಟುಹೋಗುವುದು ರೋಗವಲ್ಲ, ಸೆಲ್ ಉಳಿಸಲು ಕೀಬೋರ್ಡ್ ನಿದ್ದೆ ಮಾಡಿರುತ್ತದೆ. ಏಳಲು ಹಲವು ಸೆಕೆಂಡ್ ಹಿಡಿದರೆ, ಅಥವಾ ರಿಸೀವರನ್ನು ಕಿತ್ತು ಚುಚ್ಚಿದ ಮೇಲಷ್ಟೇ ಎದ್ದರೆ, ಕಂಪ್ಯೂಟರ್ ಆ ಯುಎಸ್‌ಬಿ ಕಿಂಡಿಯ ವಿದ್ಯುತ್ತನ್ನು ಕಡಿತ ಮಾಡುತ್ತಿರಬಹುದು. ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅನುಮತಿಯ ಗುರುತನ್ನು ತೆಗೆಯಬೇಕು.

ಬ್ಲೂಟೂತ್ ಕೀಬೋರ್ಡ್ ಜೋಡಣೆಯಾಗಿದೆ ಎಂದು ತೋರಿಸಿದರೂ ಅಕ್ಷರ ಬಾರದಿದ್ದರೆ ಪಟ್ಟಿಯಿಂದ ಅದನ್ನು ಪೂರ್ತಿ ತೆಗೆದುಹಾಕಿ, ಹೊಸದಾಗಿ ಜೋಡಿಸಬೇಕು. ಜೋಡಿಸುವಾಗ ಪರದೆಯ ಮೇಲೆ 6 ಅಂಕಿಗಳು ಬಂದರೆ ಅವನ್ನು ಆ ಬ್ಲೂಟೂತ್ ಕೀಬೋರ್ಡಿನಿಂದಲೇ ಒತ್ತಿ, ಕೊನೆಗೆ ಎಂಟರ್ ಒತ್ತಬೇಕು. ಆ ಎಂಟರ್ ಮರೆತು ಜೋಡಣೆ ವಿಫಲವಾಯಿತೆಂದುಕೊಂಡವರು ಬಹಳ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಬೇರೊಂದು ಕಾಟವಿದೆ. ಪ್ರತಿ ಸಲ ಜೋಡಿಸಿದಾಗಲೂ ಹೊಸ ಗುಪ್ತಸಂಕೇತವೊಂದು ಹುಟ್ಟುತ್ತದೆ. ಕಂಪ್ಯೂಟರಿನ ಬ್ಲೂಟೂತ್ ವಿಳಾಸ ಎರಡರಲ್ಲೂ ಒಂದೇ ಆದ್ದರಿಂದ, ಲಿನಕ್ಸ್‌ನಲ್ಲಿ ಜೋಡಿಸಿದ ಕೂಡಲೇ ಕೀಬೋರ್ಡ್ ವಿಂಡೋಸ್‌ನ ಸಂಕೇತವನ್ನು ಮರೆಯುತ್ತದೆ. ಹಲವು ಸಾಧನಗಳಿಗೆ ಬೇರೆ ಬೇರೆ ಗುಂಡಿಗಳಿರುವ ಕೀಬೋರ್ಡಾಗಿದ್ದರೆ ಒಂದನೆಯ ಗುಂಡಿಗೆ ವಿಂಡೋಸ್, ಎರಡನೆಯದಕ್ಕೆ ಲಿನಕ್ಸ್ ಎಂದು ಜೋಡಿಸಿ ನೋಡಬಹುದು. ಇಲ್ಲವಾದರೆ ರಿಸೀವರ್ ಬಗೆಯ ಕೀಬೋರ್ಡೇ ಹಿತ.

ಕೀಲಿಗಳ ಕೆಳಗೆ

ಉಳಿದದ್ದು ಕೀಬೋರ್ಡಿನ ಒಡಲು. ಸಾಮಾನ್ಯ ಕೀಬೋರ್ಡಿನೊಳಗೆ ಮೂರು ಪದರಗಳ ತೆಳು ಪ್ಲಾಸ್ಟಿಕ್ ಹಾಳೆಯಿದ್ದು, ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಶಾಯಿಯ ಗೆರೆಗಳಿರುತ್ತವೆ. ಪ್ರತಿ ಕೀಲಿಗೂ ಬೇರೆ ತಂತಿಯಿರುವುದಿಲ್ಲ. 8 ಅಡ್ಡಗೆರೆ, 16 ಉದ್ದಗೆರೆಗಳ ಜಾಲವಿದ್ದರೆ 128 ಕೀಲಿಗಳನ್ನು ಗುರುತಿಸಬಹುದು. ಹೀಗಾಗಿ ಒಟ್ಟೊಟ್ಟಿಗೆ ನಾಲ್ಕೈದು ಕೀಲಿಗಳು ಸತ್ತು, ಉಳಿದವು ಸರಿಯಿದ್ದರೆ ಒಂದು ಗೆರೆ ಕಡಿದಿದೆ ಎಂದರ್ಥ. ಆ ಕೀಲಿಗಳು ನೋಡಲು ಅಕ್ಕಪಕ್ಕದಲ್ಲಿ ಇರಲೇಬೇಕೆಂದೇನೂ ಇಲ್ಲ. ಕಡಿದ ಗೆರೆಯನ್ನು ಮನೆಯಲ್ಲಿ ಕೂಡಿಸುವುದು ಬಹಳ ಕಷ್ಟ, ಇಂಥ ಹಂತದಲ್ಲಿ ನಾನು ಹೊಸ ಕೀಬೋರ್ಡ್ ಕೊಳ್ಳಿ ಎಂದೇ ಹೇಳುತ್ತೇನೆ.

ಒಂದೇ ಕೀಲಿ ಅಂಟಿಕೊಳ್ಳುತ್ತಿದ್ದರೆ ಹಾಗೆ ಕೈಬಿಡಬೇಕಿಲ್ಲ. ಸೆಲ್ ತೆಗೆದು, ಕೀಬೋರ್ಡನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿದರೆ ಚಕ್ಕುಲಿಯ ಚೂರು, ಇರುವೆ, ಧೂಳು ಬಹಳಷ್ಟು ಉದುರುತ್ತವೆ. ಕಾಫಿ ಚೆಲ್ಲಿದ್ದರೆ ಒಣಗಿದ ಸಕ್ಕರೆಯೇ ಅಂಟು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿ ಕಡ್ಡಿಯಿಂದ ಕೀಲಿಯ ಸುತ್ತ ಒರೆಸುತ್ತ, ಕೀಲಿಯನ್ನು ಹತ್ತಿಪ್ಪತ್ತು ಬಾರಿ ಒತ್ತಬೇಕು. ಹೇರ್ ಡ್ರೈಯರಿನ ಬಿಸಿಗಾಳಿ ಹಾಯಿಸಿದರೆ ಒಳಗಿನ ಹಾಳೆ ಸೊಟ್ಟಗಾಗುತ್ತದೆ, ಆದ್ದರಿಂದ ಫ್ಯಾನಿನ ಕೆಳಗೆ ಎರಡು ದಿನ ಬಿಡುವುದೇ ಸರಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಅಲ್ಲಿ ಎರಡು ದಿನ ಸಾಲದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಾಲ್ಕೈದು ದಿನ ಇಟ್ಟು, ಆಮೇಲೆ ಸೆಲ್ ಹಾಕಿ ಅದೇ ಅಕ್ಷರಮಾಲೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.